ತಿಂಗಳ ಪೆಟ್ಟಿಗೆಯಲ್ಲಿ ಬಾರದ್ದು: ಗಿನಿಪಿಗ್ ಊಟದ ಕಥೆ

(ಈ ವಾರದ ಕಂತಿನ ಅಕ್ಷರರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಮಾತಿಗೆ ಮೊದಲು ಒಂದು ಸದ್ದು ಕೇಳಿಸ್ಬಿಡ್ತೀನಿ.

(ಧ್ವನಿಮುದ್ರಿಕೆ: ರಟ್ಟಿನ ಪೆಟ್ಟಿಗೆ ಬಿಚ್ಚುವ ಸದ್ದು. ಹಿಂದೆಯೇ 'ವ್ವೀಕ್, ವ್ವೀಕ್' ಎಂಬ ಚೂಪಾದ ಕೂಗು. ಹುಡುಗಿಯೊಬ್ಬಳ ನಗು.)

ಹಕ್ಕಿ ಅಂದ್ಕೊಂಡ್ರಾ? ಅಲ್ಲ, ಗಿನಿಪಿಗ್. ಒಂದಲ್ಲ, ಎರಡು. ಒಂದರ ಹೆಸರು ಬೆಲ್ಲ, ಇನ್ನೊಂದರದು ಕಡಲೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರೋ ನನ್ನ ಅಕ್ಕನ ಮನೆಯಲ್ಲಿ, ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಇವುಗಳ ಸಂಸಾರ. ಸಾಕಿರೋಳು ಅಕ್ಕನ ಮಗಳು, 11 ವರ್ಷ. ನಾವೆಲ್ಲ ಪುಟ್ಟಿ ಅಂತೀವಿ. ಹೋದ ವರ್ಷ ಅಮ್ಮನನ್ನು ಕರ್ಕೊಂಡು ಅಲ್ಲಿಗೆ ಹೋಗಿದ್ದಾಗ ಫೋನಿನಲ್ಲಿ ಹಿಡಿದ ಸದ್ದು ಇದು.

ಬಿಚ್ಚುತ್ತಿದ್ದದ್ದು ತಿಂಗಳ ಪೆಟ್ಟಿಗೆ. ನಮ್ಮಲ್ಲಿ ಮನೆಗೆ ಪೇಪರು, ಹಾಲು ಹಾಕಿಸ್ಕೊಳ್ತೀವಲ್ಲ, ಹಾಗೆ ಅಲ್ಲಿ ಗಿನಿಪಿಗ್‌ಗೆ ತಿಂಡಿ-ಆಟಿಕೆ ಹಾಕಿಸ್ಕೊಳ್ತಾರೆ. ಒಮ್ಮೆ ಚಂದಾ ಕಟ್ಟಿದರೆ ಪ್ರತಿ ತಿಂಗಳೂ ಮನೆ ಬಾಗಿಲಿಗೆ ಪೆಟ್ಟಿಗೆ. ಆ ಸಲದ ಪೆಟ್ಟಿಗೆಯಲ್ಲಿ ಇದ್ದದ್ದು: ಹುಲ್ಲನ್ನು ಒತ್ತಿ ಮಾಡಿದ ಬಿಸ್ಕತ್ತು, ಒಣಗಿಸಿದ ಗುಲಾಬಿ ದಳ, ಒಣಗಿದ ಕ್ಯಾರೆಟ್ ಬಿಲ್ಲೆ, ಸೇಬಿನ ಮರದ ಕಡ್ಡಿಗಳ ಒಂದು ಕಟ್ಟು, ವಿಲ್ಲೋ ಬಳ್ಳಿಯಲ್ಲಿ ಹೆಣೆದ ಚೆಂಡು, ಬಣ್ಣಬಣ್ಣದ ಮೊಸರಿನ ಗುಳಿಗೆ, ಬಟ್ಟೆಯ ಒಂದು ಸುರಂಗ. ಮೇಲೊಂದು ಚೀಟಿ, ಬೆಲ್ಲ ಮತ್ತು ಕಡಲೆಯ ಹೆಸರಿಗೇ ಬರೆದದ್ದು.

ಅಮ್ಮ ಸೋಫಾದಲ್ಲಿ ಕೂತು ಎಲ್ಲಾ ನೋಡಿದ್ರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಲ್ವೇ, ಸೊಪ್ಪಿನ ದಂಟು, ತರಕಾರಿ ಸಿಪ್ಪೆ ಹಾಕಿದ್ರೆ ತಿನ್ನಲ್ವಾ ಇವು?" ಅಂದ್ರು.

ಪುಟ್ಟಿ ನಕ್ಕಳು. ನಾನೂ ನಕ್ಕೆ. ಹಾಸನದ ಕಡೆಯ ನಮ್ಮೂರ ಮನೆಯಲ್ಲಿ ಹಸುವಿಗೆ ಕಲಗಚ್ಚು ಇಟ್ಟು ಬೆಳೆದ ಅಮ್ಮನಿಗೆ ಎಲ್ಲಾ ಪ್ರಾಣಿಯೂ ಹಸುವೇ. ಹಾಗಂದ್ಕೊಂಡು ಮರೆತೆ.

ನಾಲ್ಕನೇ ದಿನ ಕಡಲೆ ಎದ್ದು ಬರಲಿಲ್ಲ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ ಕೂಗೋ ಪ್ರಾಣಿ, ಮೂಲೆಯಲ್ಲಿ ಮುದುಡಿ ಕೂತಿತ್ತು. ಎತ್ತಿಕೊಂಡರೆ ಚೀರಿತು. ಹಿಂಗಾಲಿನ ಕೀಲು ಊದಿತ್ತು, ಮೈಕೂದಲು ಒರಟಾಗಿ ಎದ್ದಿತ್ತು. ಪುಟ್ಟಿ ಅಳೋಕೆ ಶುರುಮಾಡಿದಳು. ಪ್ರಾಣಿವೈದ್ಯರ ಹತ್ತಿರ ಓಡಿದೆವು. ಅವರು ಬಾಯಿ ಬಿಡಿಸಿ ನೋಡಿದ್ರು, ಒಸಡಿನಲ್ಲಿ ರಕ್ತ. ಕಾಲು ಮುಟ್ಟಿ ನೋಡಿದ್ರು. ಆಮೇಲೆ ಎರಡು ಪ್ರಶ್ನೆ ಕೇಳಿದ್ರು. ತಾಜಾ ತರಕಾರಿ ದಿನಾ ಕೊಡ್ತೀರಾ? ಒಣ ಆಹಾರದ ಚೀಲ ಯಾವಾಗ ಬಿಚ್ಚಿದ್ದು?

ಅಕ್ಕ ನನ್ನ ಮುಖ ನೋಡಿದಳು. ಚೀಲ ಬಿಚ್ಚಿ ಆರು ತಿಂಗಳಾಗಿತ್ತು. ದೊಡ್ಡ ಚೀಲ ತಗೊಂಡ್ರೆ ಅಗ್ಗ ಅಂತ ತಗೊಂಡಿದ್ದು. ತರಕಾರಿ ಮೊದಮೊದಲು ದಿನಾ ಹಾಕ್ತಿದ್ರಂತೆ. ಪೆಟ್ಟಿಗೆ ಬರೋಕೆ ಶುರುವಾದ ಮೇಲೆ, ಒಣಗಿದ ಕ್ಯಾರೆಟ್ ಅದರಲ್ಲೇ ಇದೆಯಲ್ಲ ಅಂತ ಒಂದೊಂದೇ ದಿನ ತಪ್ಪಿಹೋಗಿದೆ. ಯಾರೂ ಬೇಕಂತ ಮಾಡಿದ್ದಲ್ಲ.

"ಸ್ಕರ್ವಿ" ಅಂದ್ರು ವೈದ್ಯರು.

ನನಗೆ ನಂಬೋಕಾಗಲಿಲ್ಲ. ಸ್ಕರ್ವಿ ಅಂದ್ರೆ ಹಳೇ ಹಡಗುಗಳ ನಾವಿಕರಿಗೆ ಬರ್ತಿದ್ದ ಕಾಯಿಲೆ, ಶಾಲೆ ಪುಸ್ತಕದಲ್ಲಿ ಓದಿದ್ದು. ತಿಂಗಳಿಗೊಂದು ಪೆಟ್ಟಿಗೆ ಉಡುಗೊರೆ ಬರೋ ಮನೆಯಲ್ಲಿ, ಗುಲಾಬಿ ದಳ ತಿನ್ನೋ ಪ್ರಾಣಿಗೆ ಸ್ಕರ್ವಿ ಹೇಗೆ ಬಂತು? ಇವತ್ತಿನ ಕಂತು ಈ ಪ್ರಶ್ನೆ ಹಿಡಿದು ಹೊರಟದ್ದು. ಹೋಗ್ತಾ ಹೋಗ್ತಾ ಗೊತ್ತಾಗಿದ್ದೇನಂದ್ರೆ, ಸ್ಕರ್ವಿ ಏನು ಅಂತ ಮನುಷ್ಯರಿಗೆ ಕಲಿಸಿದ್ದೇ ಈ ಪ್ರಾಣಿ.

ಮೊದಲಿಂದ ಬರೋಣ.

ಗಿನಿಪಿಗ್ ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ಇಲಿ, ಅಳಿಲುಗಳ ದೊಡ್ಡ ಬಳಗಕ್ಕೆ ಸೇರಿದ ದಂಶಕ. ಊರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು, ಅಂದ್ರೆ ಇವತ್ತಿನ ಪೆರು, ಬೊಲಿವಿಯಾ, ಇಕ್ವಡಾರ್ ಕಡೆ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ಮುದ್ದಿಗಲ್ಲ, ಮಾಂಸಕ್ಕೆ. ಅಲ್ಲಿ ಇದರ ಹೆಸರು 'ಕುಯ್'. ಇವತ್ತಿಗೂ ಹಬ್ಬದ ಊಟ ಅದು. ಕುಸ್ಕೋ ಊರಿನ ದೊಡ್ಡ ಚರ್ಚಿನಲ್ಲಿ ಮಾರ್ಕೋಸ್ ಸಪಾಟಾ ಎಂಬ ಕಲಾವಿದ 1753ರಲ್ಲಿ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರ ಇದೆ. ಮೇಜಿನ ನಡುವೆ ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಮಲಗಿರೋದು ಹುರಿದ ಕುಯ್. ಅದು ಕುಯ್ ಅಲ್ಲ, ಅಲ್ಲಿನದೇ ಇನ್ನೊಂದು ಪ್ರಾಣಿ ಅಂತ ವಾದ ಮಾಡೋರೂ ಇದ್ದಾರೆ. ಊರವರಿಗೆ ಮಾತ್ರ ಸಂಶಯ ಇಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಂಡಿಸ್ ಹಳ್ಳಿಮನೆಗಳಲ್ಲಿ ಕುಯ್ ಇರ್ತಿದ್ದದ್ದು ಅಡುಗೆಮನೆಯಲ್ಲೇ. ಬೋನು-ಗೀನು ಏನಿಲ್ಲ. ಒಲೆಯ ಬೆಚ್ಚಗೆ ಬೇಕು, ಹಾಗಾಗಿ ನೆಲದ ಮೇಲೆ, ಒಲೆ ಸುತ್ತಮುತ್ತ ಓಡಾಡ್ಕೊಂಡು ಇರ್ತಿದ್ವು. ಅವಕ್ಕೆ ಊಟ? ಹೆಂಗಸರು ತರಕಾರಿ ಹೆಚ್ಚುವಾಗ ಬಿದ್ದ ಸಿಪ್ಪೆ, ಜೋಳದ ಸಿಪ್ಪೆ-ಗರಿ, ಹೊಲದಿಂದ ತಂದ ಹಸಿ ಹುಲ್ಲು. ಸ್ಪೇನಿನವರು ಬಂದ ಮೇಲೆ ಕುದುರೆ ಮೆಂತೆಯೂ ಸೇರಿತು. ಈಗಲೂ ಎಷ್ಟೋ ಮನೆಗಳಲ್ಲಿ ಹೀಗೇ ಸಾಕ್ತಾರೆ. ಅಮ್ಮ ಹೇಳಿದ್ದು ಇದನ್ನೇ. ಅಲ್ಲಿ ಕೂತು ನಕ್ಕಿದ್ದು ನೆನಪಾದ್ರೆ ಈಗಲೂ ಮುಜುಗರ ಆಗತ್ತೆ.

16ನೇ ಶತಮಾನದಲ್ಲಿ ಈ ಪ್ರಾಣಿ ಹಡಗು ಹತ್ತಿ ಯೂರೋಪಿಗೆ ಬಂತು. 1550ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಇದರ ವರ್ಣನೆ ಬರೆದಿದ್ದಾರೆ. ಸುಮಾರು 1580ರ ಒಂದು ಚಿತ್ರ ಇದೆ. ಮೂವರು ಶ್ರೀಮಂತರ ಮಕ್ಕಳು, ಯಾರ ಮಕ್ಕಳು ಅಂತ ಗೊತ್ತಿಲ್ಲ. ನಡುವೆ ನಿಂತ ಹುಡುಗಿ ಎರಡೂ ಕೈಯಲ್ಲಿ ಹಿಡ್ಕೊಂಡಿರೋದು ಕಂದು-ಬಿಳಿ-ಕಪ್ಪು ಬಣ್ಣದ ಗಿನಿಪಿಗ್. ಆಂಡಿಸ್‌ನಲ್ಲಿ ಊಟದ ತಟ್ಟೆಯಲ್ಲಿದ್ದದ್ದು ಇಲ್ಲಿ ರೇಷ್ಮೆ ಅಂಗಿಯ ಮಡಿಲಿಗೆ ಬಂದಿದೆ. ದೂರದಿಂದ ಬಂದ ದುಬಾರಿ ವಸ್ತು, ತೋರಿಸ್ಕೊಳ್ಳೋಕೆ ಇದ್ದದ್ದು.

ಒಂದು ಗಿನಿ ನಾಣ್ಯಕ್ಕೆ ಮಾರ್ತಿದ್ರು, ಅದಕ್ಕೇ ಈ ಹೆಸರು ಅಂತ ಒಂದು ಕಥೆ ಓಡಾಡತ್ತೆ. ಅದು ಸುಳ್ಳು. ಗಿನಿ ನಾಣ್ಯ ಟಂಕಿಸಿದ್ದು 1663ರಲ್ಲಿ. ರಕ್ತಪರಿಚಲನೆ ಕಂಡುಹಿಡಿದ ವಿಲಿಯಂ ಹಾರ್ವೆಯ ಪುಸ್ತಕದ ಇಂಗ್ಲಿಷ್ ಅನುವಾದದಲ್ಲಿ ಅದಕ್ಕೆ ಹತ್ತು ವರ್ಷ ಮೊದಲೇ ಈ ಹೆಸರು ಬಂದುಹೋಗಿದೆ.

ಮುದ್ದು ಪ್ರಾಣಿ ಆದ ಮೇಲೆ ಅದಕ್ಕೆ ಏನು ತಿನ್ನಿಸ್ಬೇಕು ಅಂತ ಎಲ್ಲರಿಗೂ ಗೊತ್ತಿತ್ತು ಅಂತಲ್ಲ. ಬಿಯಾಟ್ರಿಕ್ಸ್ ಪಾಟರ್ ಗೊತ್ತಲ್ಲ, ಪೀಟರ್ ಎಂಬ ಮೊಲದ ಕಥೆ ಬರೆದು ಚಿತ್ರ ಬಿಡಿಸಿದವರು. 1893ರಲ್ಲಿ ಚಿತ್ರ ಬಿಡಿಸೋಕೆ ಅಂತ ಪಕ್ಕದ ಮನೆಯವರಿಂದ ಒಂದು ಗಿನಿಪಿಗ್ ಎರವಲು ತಂದರು. ಹೆಸರು ಕ್ವೀನ್ ಎಲಿಜಬೆತ್. ರಾತ್ರಿ ಅದು ಮಸಿ ಹೀರುವ ಕಾಗದ, ರಟ್ಟು, ದಾರ ಎಲ್ಲಾ ಕಡಿದು ತಿಂದು ಬೆಳಗ್ಗೆ ಹೊತ್ತಿಗೆ ಸತ್ತಿತ್ತು. ಆ ಹೆಣ ವಾಪಸ್ ಕೊಡೋಕೆ ಹೋಗುವಾಗ ಹೇಗಿದ್ದಿರಬೇಡ ಅವರಿಗೆ! ಪೆಟ್ಟಿಗೆಯ ಆಟಿಕೆ ನೋಡುವಾಗೆಲ್ಲ ಇದು ನೆನಪಾಗತ್ತೆ. ಗಿನಿಪಿಗ್‌ನ ಹಲ್ಲು ಬದುಕಿರೋವರೆಗೂ ಬೆಳೀತಾನೇ ಇರತ್ತೆ, ಅಗಿದು ಸವೆಸ್ಕೊಳ್ಳಲೇಬೇಕು. ಏನು ಸಿಕ್ಕಿದ್ರೂ ಕಡಿಯುತ್ತೆ. ಅದಕ್ಕೇ ಪೆಟ್ಟಿಗೆಯಲ್ಲಿ ಸೇಬಿನ ಕಡ್ಡಿ, ವಿಲ್ಲೋ ಚೆಂಡು ಇಡೋದು. ಅದು ಒಳ್ಳೇದೇ. ಬಣ್ಣದ ಪ್ಲಾಸ್ಟಿಕ್ಕು, ಓಡೋ ಚಕ್ರ ಇಟ್ಟರೆ ತೊಂದರೆ. ಹ್ಯಾಮ್‌ಸ್ಟರ್ ಚಕ್ರದಲ್ಲಿ ಓಡತ್ತೆ, ಗಿನಿಪಿಗ್ ಓಡಿದ್ರೆ ಬೆನ್ನುಮೂಳೆಗೇ ಪೆಟ್ಟು.

ಹಾಗಾದ್ರೆ ಪ್ರಾಣಿಗಳ ಊಟ ಮನೆಬಾಗಿಲಿಗೆ ಬರೋ ಪದ್ಧತಿ ಯಾವಾಗಿಂದ? ನೀವು ಅಂದ್ಕೊಳ್ಳೋದಕ್ಕಿಂತ ಹಳೇದು. 1850ರ ಸುಮಾರಿನ ಲಂಡನ್ನಿನ ಬೀದಿ ಬದುಕನ್ನು ಬರೆದಿಟ್ಟ ಹೆನ್ರಿ ಮೇಹ್ಯೂ ಬೆಕ್ಕಿನ ಮಾಂಸ ಮಾರುವವರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕುದುರೆ ಮಾಂಸ ಬೇಯಿಸಿ, ತುಂಡು ಮಾಡಿ, ಕಡ್ಡಿಗೆ ಚುಚ್ಚಿಕೊಂಡು, ಗೊತ್ತಾದ ಮನೆಗಳಿಗೆ ಗೊತ್ತಾದ ಹೊತ್ತಿಗೆ ಹಾಕಿ ಹೋಗೋರು. ಅವರ ಸುತ್ತಿನ ದಾರಿಯಲ್ಲಿ ಬೆಕ್ಕುಗಳು ಕಾಯ್ತಾ ಕೂರೋವು. ವರ್ತನೆ ಅಂತೀವಲ್ಲ ನಾವು, ಹಾಲಿನವರ ಹತ್ತಿರ, ಅದೇ. ಆದ್ರೆ ಅದು ತಾಜಾ, ಅವತ್ತಿನದು ಅವತ್ತಿಗೆ.

ಒಣ ಆಹಾರ ಬಂದದ್ದು ಸುಮಾರು 1860ರಲ್ಲಿ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವರು ಇಂಗ್ಲೆಂಡಿನಲ್ಲಿ ನಾಯಿ ಬಿಸ್ಕತ್ತಿನ ವ್ಯಾಪಾರ ಶುರುಮಾಡಿದರು. ಬಂದರಿನಲ್ಲಿ ನಾವಿಕರು ಎಸೆದ ಹಡಗಿನ ಬಿಸ್ಕತ್ತನ್ನು ಬೀದಿನಾಯಿಗಳು ಮುಗಿಬಿದ್ದು ತಿನ್ನೋದು ನೋಡಿ ಅವರಿಗೆ ಈ ಯೋಚನೆ ಬಂತು ಅಂತ ಕಥೆ ಹೇಳ್ತಾರೆ. ಕಥೆ ನಿಜವೋ ಅಲ್ಲವೋ, ಹೋಲಿಕೆ ಮಾತ್ರ ನಿಜ. ಹಡಗಿನ ಬಿಸ್ಕತ್ತು ಅಂದ್ರೆ ಹಿಟ್ಟು-ನೀರು ಕಲಸಿ ಕಲ್ಲಿನ ಹಾಗೆ ಒಣಗಿಸಿದ್ದು. ವರ್ಷಗಟ್ಟಲೆ ಕೆಡಲ್ಲ. ಅದನ್ನೂ ಉಪ್ಪಿನ ಮಾಂಸವನ್ನೂ ತಿಂಗಳುಗಟ್ಟಲೆ ತಿಂದೇ ನಾವಿಕರಿಗೆ ಸ್ಕರ್ವಿ ಬರ್ತಿದ್ದದ್ದು. ನಾಯಿಗೆ ಅದರಿಂದ ಸ್ಕರ್ವಿ ಬರಲ್ಲ. ಯಾಕೆ ಅನ್ನೋದು ಮುಂದೆ ಬರತ್ತೆ.

ಇನ್ನು ತಿಂಗಳ ಪೆಟ್ಟಿಗೆಯ ವಂಶಾವಳಿ ಬೇಗ ಹೇಳಿಬಿಡ್ತೀನಿ. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಕಳಿಸೋ 'ಬುಕ್ ಆಫ್ ದ ಮಂತ್ ಕ್ಲಬ್' ಶುರುವಾಯ್ತು. 2010ರಲ್ಲಿ ಸೌಂದರ್ಯ ಸಾಧನಗಳ ಮಾದರಿ ಕಳಿಸೋ ಬರ್ಚ್‌ಬಾಕ್ಸ್ ಬಂತು. 2011ರಲ್ಲಿ ನಾಯಿಗಳಿಗೆ ಬಾರ್ಕ್‌ಬಾಕ್ಸ್. ಅಲ್ಲಿಂದ ಬೆಕ್ಕು, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಹೀಗೆ ಒಂದೊಂದಕ್ಕೂ ಪೆಟ್ಟಿಗೆ. ಇದೆಲ್ಲದಕ್ಕೂ ಒಂದೇ ನಿಯಮ. ಅಂಚೆಯಲ್ಲಿ ಮೂರು-ನಾಲ್ಕು ದಿನ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ರೂ ಕೆಡದೇ ಇರೋದನ್ನ ಮಾತ್ರ ಕಳಿಸೋಕಾಗತ್ತೆ. ಪುಸ್ತಕಕ್ಕೆ ತೊಂದರೆ ಇಲ್ಲ, ಲಿಪ್‌ಸ್ಟಿಕ್ಕಿಗೂ ಇಲ್ಲ, ನಾಯಿ ಬಿಸ್ಕತ್ತಿಗೂ ಇಲ್ಲ. ಗಿನಿಪಿಗ್ ವಿಷಯದಲ್ಲೇ ಎಡವಟ್ಟಾಗೋದು.

ಈಗ ನಾರ್ವೆಗೆ ಹೋಗೋಣ. ಇಸವಿ 1907. ಇವತ್ತಿನ ಓಸ್ಲೋಗೆ ಆಗ ಕ್ರಿಸ್ಟಿಯಾನಿಯಾ ಅಂತ ಹೆಸರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಕ್ಸೆಲ್ ಹೋಲ್ಸ್ಟ್ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು, ಥಿಯೋಡೋರ್ ಫ್ರೋಲಿಕ್ ಮಕ್ಕಳ ವೈದ್ಯರು. ನಾರ್ವೆಯ ಹಡಗುಗಳಲ್ಲಿ ಬೆರಿಬೆರಿಯಂಥ ಒಂದು ಕಾಯಿಲೆ ಕಾಣಿಸ್ಕೊಳ್ತಿತ್ತು, ಅದರ ಮೂಲ ಹುಡುಕ್ತಿದ್ರು. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗೆ ಬೆರಿಬೆರಿಯ ಲಕ್ಷಣ ಬರತ್ತೆ ಅಂತ ಅಷ್ಟರಲ್ಲಿ ಜಾವಾ ದ್ವೀಪದ ಡಚ್ ವೈದ್ಯರು ತೋರಿಸಿದ್ರು. ಹಕ್ಕಿ ಬದಲು ಹಾಲುಣಿಸೋ ಪ್ರಾಣಿಯಲ್ಲಿ ಅದು ಬರತ್ತಾ ನೋಡೋಣ ಅಂತ ಹೋಲ್ಸ್ಟ್ ಗಿನಿಪಿಗ್ ತಗೊಂಡ್ರು. ಬರೀ ಧಾನ್ಯ, ಬರೀ ಬ್ರೆಡ್ಡು ಹಾಕಿದ್ರು.

ಬೆರಿಬೆರಿ ಬರಲಿಲ್ಲ. ಒಸಡು ಕೆಟ್ಟಿತು, ಹಲ್ಲು ಸಡಿಲಾಯ್ತು, ಕೀಲುಗಳಲ್ಲಿ ರಕ್ತ ಒಸರಿತು. ಬಂದದ್ದು ಸ್ಕರ್ವಿ. ಅದೇ ಗಿನಿಪಿಗ್‌ಗಳಿಗೆ ಹಸಿ ಎಲೆಕೋಸು, ನಿಂಬೆ ರಸ ಕೊಟ್ಟಾಗ ಕಾಯಿಲೆ ಹತ್ತಿರ ಸುಳಿಯಲಿಲ್ಲ. ಅಲ್ಲಿವರೆಗೆ ಪ್ರಯೋಗಶಾಲೆಯಲ್ಲಿ ಪ್ರಾಣಿಗಳಿಗೆ ಸ್ಕರ್ವಿ ಬರಿಸೋಕೆ ಯಾರಿಗೂ ಸರಿಯಾಗಿ ಆಗಿರಲಿಲ್ಲ. ಹೋಲ್ಸ್ಟ್ ಅವರು ಅವತ್ತು ಇಲಿ ತಗೊಂಡಿದ್ರೆ ಈ ಶೋಧ ಅಲ್ಲಿ ಆಗ್ತಿರಲಿಲ್ಲ.

ಯಾಕಂದ್ರೆ ಇಲಿ, ನಾಯಿ, ಬೆಕ್ಕು, ಹಸು ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿ ತಮ್ಮ ಪಿತ್ತಜನಕಾಂಗದಲ್ಲೇ ಮಾಡ್ಕೊಳ್ತವೆ. ಅದಕ್ಕೇ ನಾಯಿ ಒಣ ಬಿಸ್ಕತ್ತು ತಿಂದು ಆರಾಮಾಗಿ ಇರತ್ತೆ. ಮಾಡ್ಕೊಳ್ಳೋಕೆ ಬೇಕಾದ ಕೊನೆಯ ಕಿಣ್ವದ ವಂಶವಾಹಿ ಗಿನಿಪಿಗ್‌ನಲ್ಲಿ ಕೆಟ್ಟುಹೋಗಿದೆ. ಮನುಷ್ಯನಲ್ಲೂ, ಮಂಗಗಳಲ್ಲೂ ಕೆಟ್ಟಿದೆ. ಎರಡೂ ಕಡೆ ಬೇರೆಬೇರೆಯಾಗಿ, ಬೇರೆಬೇರೆ ಕಾಲದಲ್ಲಿ ಕೆಟ್ಟಿದ್ದು. ಹಸಿರು ಯಾವಾಗಲೂ ಕೈಗೆ ಸಿಗ್ತಿದ್ದ ಕಡೆ ಬೆಳೆದ ಪ್ರಾಣಿಗೆ ಅದರ ಕೊರತೆ ಗೊತ್ತಾಗಿಲ್ಲ. ಆ ಒಂದು ವಿಷಯದಲ್ಲಿ ಕಡಲೆಯೂ ನಾನೂ ಒಂದೇ.

ಇಲ್ಲಿಂದ ಮುಂದಿನ ಭಾಗ ನಮ್ಮ ಕಡೆಗೂ ತಾಗತ್ತೆ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಮೊದಲನೇ ಮಹಾಯುದ್ಧ. ಇವತ್ತಿನ ಇರಾಕಿನಲ್ಲಿ, ಟೈಗ್ರಿಸ್ ನದಿ ದಂಡೆಯ ಕುಟ್ ಎಂಬ ಊರು. ಬ್ರಿಟಿಷ್ ಮತ್ತು ಭಾರತೀಯ ಸೈನಿಕರ ಪಡೆಯನ್ನು ತುರ್ಕಿ ಸೇನೆ 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ ಕೊನೆವರೆಗೆ ಸುತ್ತುವರೆದು ಕೂತಿತು. ಒಳಗೆ ತರಕಾರಿ ಇಲ್ಲ. ಕುದುರೆ ಕಡಿದು ತಿನ್ನೋ ಪರಿಸ್ಥಿತಿ. ಭಾರತೀಯ ಸೈನಿಕರಲ್ಲಿ ಬಹಳ ಜನ ಧರ್ಮದ ಕಾರಣಕ್ಕೆ ಕುದುರೆ ಮಾಂಸ ಮುಟ್ಟಲಿಲ್ಲ. ಬಿಳಿ ಹಿಟ್ಟಿನ ಬ್ರೆಡ್ಡು ತಿಂದ ಬ್ರಿಟಿಷರಿಗೆ ಮೊದಲು ಬೆರಿಬೆರಿ ಬಂತು. ಹಿಟ್ಟು-ಕಾಳು ತಿಂದ ಭಾರತೀಯರಿಗೆ ಸ್ಕರ್ವಿ. ಒಂದೇ ಕೋಟೆಯೊಳಗೆ, ಒಂದೇ ಮುತ್ತಿಗೆಯಲ್ಲಿ, ತಟ್ಟೆಯಲ್ಲಿ ಏನಿತ್ತು ಅನ್ನೋದರ ಮೇಲೆ ಬೇರೆಬೇರೆ ಕಾಯಿಲೆ.

ಈ ಸಮಸ್ಯೆ ಲಂಡನ್ನಿನ ಲಿಸ್ಟರ್ ಸಂಸ್ಥೆಗೆ ಬಂತು. ಗಂಡಸರು ಯುದ್ಧಕ್ಕೆ ಹೋಗಿದ್ರು, ಪ್ರಯೋಗಶಾಲೆ ನಡೆಸ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಹ್ಯಾರಿಯೆಟ್ ಚಿಕ್, ಮಾರ್ಗರೆಟ್ ಹ್ಯೂಮ್ ಮತ್ತು ಜೊತೆಗಾರರು. ಅವರ ಸಾಧನ ಗಿನಿಪಿಗ್. ಸ್ಕರ್ವಿ ಬರಿಸೋ ಒಣ ಆಹಾರ ಕೊಟ್ಟು, ಅದರ ಜೊತೆ ಪರೀಕ್ಷೆ ಮಾಡಬೇಕಾದ ಪದಾರ್ಥ ಇಷ್ಟಿಷ್ಟೇ ಸೇರಿಸಿ, ಯಾವುದು ಎಷ್ಟು ಕಾಪಾಡತ್ತೆ ಅಂತ ಅಳೆದರು. ಒಣಗಿಸಿದ ತರಕಾರಿ ಪರೀಕ್ಷಿಸಿದ್ರು. ಹೆಚ್ಚುಕಮ್ಮಿ ಉಪಯೋಗವೇ ಇಲ್ಲ. ಒಣ ಕಾಳು, ಅದೂ ಇಲ್ಲ. ಅದೇ ಒಣ ಕಾಳನ್ನು ಒಂದು ದಿನ ನೆನೆಸಿ, ಒಂದೆರಡು ದಿನ ಒದ್ದೆಯಾಗಿಟ್ಟು ಮೊಳಕೆ ಬರಿಸಿದ್ರೆ? ಗಿನಿಪಿಗ್ ಬದುಕಿತು. ಮೊಳಕೆ ಬಂದ ಕಾಳಿಗೆ ಈ ಗುಣ ಇದೆ ಅಂತ ನಾರ್ವೆಯ ಫ್ಯೂರ್ಸ್ಟ್ ಎಂಬವರು 1912ರಲ್ಲೇ ತೋರಿಸಿದ್ರು. ಚಿಕ್ ಮತ್ತು ಹ್ಯೂಮ್ ಅದನ್ನು ಸೈನ್ಯಕ್ಕೆ ಉಪಯೋಗ ಆಗೋ ಸಲಹೆ ಮಾಡಿದ್ರು. ಭಾರತೀಯ ಸೈನಿಕರ ರೇಷನ್ನಿನಲ್ಲಿ ಬೇಳೆ-ಕಾಳು ಹೇಗೂ ಇತ್ತು. ಬೇಕಾಗಿದ್ದು ಗೋಣಿಚೀಲ, ನೀರು, ಎರಡು ದಿನದ ತಾಳ್ಮೆ, ಆಮೇಲೆ ಜಾಸ್ತಿ ಬೇಯಿಸದೇ ಇರೋ ಎಚ್ಚರ.

ನಮ್ಮ ಮನೆಗಳಲ್ಲಿ ಹೆಸರುಕಾಳು, ಹುರುಳಿಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸ್ತೀವಲ್ಲ, ಅದರಲ್ಲಿ ಏನಿದೆ ಅಂತ ಅಳೆದು ತೋರಿಸೋ ಕೆಲಸದಲ್ಲಿ ಈ ಪುಟ್ಟ ಪ್ರಾಣಿಯ ಪಾಲು ಇಷ್ಟಿದೆ ಅಂತ ನನಗೆ ಗೊತ್ತಿರಲಿಲ್ಲ. ಅದೇ ಕಾಲದಲ್ಲಿ ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲೂ ರಾಬರ್ಟ್ ಮೆಕ್‌ಕ್ಯಾರಿಸನ್ ಗಿನಿಪಿಗ್‌ಗಳ ಮೇಲೆ ಸ್ಕರ್ವಿಯ ಪ್ರಯೋಗ ಮಾಡ್ತಿದ್ರು. ಅವರು ಕಟ್ಟಿದ ಪ್ರಯೋಗಶಾಲೆಯೇ ಮುಂದೆ 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ.

ಚಿಕ್ ಅವರ ತಂಡ ಇನ್ನೊಂದು ಹಳೇ ಒಗಟನ್ನೂ ಬಿಡಿಸಿತು. ಬ್ರಿಟಿಷ್ ನೌಕಾಪಡೆ 1795ರಿಂದ ನಾವಿಕರಿಗೆ ದೊಡ್ಡ ನಿಂಬೆಯ, ಅಂದ್ರೆ ಲೆಮನ್ ರಸ ಕೊಟ್ಟು ಸ್ಕರ್ವಿ ಓಡಿಸಿತ್ತು. 19ನೇ ಶತಮಾನದ ನಡುವೆ ವೆಸ್ಟ್ ಇಂಡೀಸ್‌ನ ಲೈಮ್ ರಸಕ್ಕೆ ಬದಲಾಯಿಸಿತು. ಎರಡೂ ಹುಳಿ, ಎರಡೂ ಒಂದೇ ಅಂದ್ಕೊಂಡ್ರು. 1875-76ರ ಆರ್ಕ್ಟಿಕ್ ಯಾತ್ರೆಯಲ್ಲಿ ಸ್ಕರ್ವಿ ಮತ್ತೆ ಬಂದಾಗ, ರಸದಲ್ಲೇ ಏನೂ ಇಲ್ಲ ಅಂತ ಎಷ್ಟೋ ಜನ ನಂಬಿದ್ರು. 1918ರಲ್ಲಿ ಗಿನಿಪಿಗ್‌ಗಳಿಗೆ ಎರಡನ್ನೂ ಕೊಟ್ಟು ನೋಡಿದಾಗ ಲೈಮ್ ರಸದ ಶಕ್ತಿ ಲೆಮನ್ನಿಗಿಂತ ಎಷ್ಟೋ ಕಡಿಮೆ ಅಂತ ತಿಳಿಯಿತು. ಇಟ್ಟು ಹಳತಾದ ರಸದ್ದಂತೂ ಕೇಳಲೇಬೇಡಿ. ಹ್ಯಾರಿಯೆಟ್ ಚಿಕ್ 1977ರಲ್ಲಿ ತೀರ್ಕೊಂಡಾಗ 102 ವರ್ಷ ವಯಸ್ಸು.

ಆ 'ಏನೋ ಒಂದು' ಯಾವುದು ಅಂತ ಕೊನೆಗೆ ಹಿಡಿದದ್ದು 1932ರಲ್ಲಿ. ಹಂಗರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರ ಹತ್ತಿರ ಒಂದು ಆಮ್ಲ ಇತ್ತು. ಸಹಾಯಕ ಸ್ವಿರ್ಬೆಲಿ ಅದನ್ನು ಗಿನಿಪಿಗ್‌ಗಳಿಗೆ ದಿನಾ ಸ್ವಲ್ಪ ಕೊಟ್ಟರು. ಕೊಡದವು ಸತ್ತವು, ಕೊಟ್ಟವು ಚೆನ್ನಾಗಿದ್ದವು. ಅದೇ ವಿಟಮಿನ್ ಸಿ. ಹೊತ್ತಿಗೆ ಸರಿಯಾಗಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಚಾರ್ಲ್ಸ್ ಗ್ಲೆನ್ ಕಿಂಗ್ ಅವರೂ ಅದನ್ನೇ ಪ್ರಕಟಿಸಿದ್ರು, ಯಾರು ಮೊದಲು ಅಂತ ಜಗಳ ಬಹಳ ದಿನ ನಡೀತು. ಆದ್ರೆ ಪದಾರ್ಥ ಸಾಕಷ್ಟು ಸಿಗ್ತಿರಲಿಲ್ಲ. ಒಂದು ರಾತ್ರಿ ಸೆಂಟ್-ಗ್ಯೋರ್ಗಿ ಅವರಿಗೆ ಹೆಂಡತಿ ಊಟಕ್ಕೆ ದೊಣ್ಣೆಮೆಣಸಿನಕಾಯಿ ಇಟ್ಟರಂತೆ. ತಿನ್ನೋಕೆ ಇಷ್ಟ ಇಲ್ಲ, ಬೇಡ ಅನ್ನೋಕೆ ಧೈರ್ಯ ಇಲ್ಲ. ಇದನ್ನ ಪರೀಕ್ಷೆ ಮಾಡೇ ಇಲ್ಲವಲ್ಲ ಅಂತ ಹೇಳಿ ಪ್ರಯೋಗಶಾಲೆಗೆ ಎತ್ಕೊಂಡು ಹೋದರು. ಅವರೇ ಹೇಳ್ಕೊಂಡಿರೋ ಕಥೆ. ನೋಡಿದ್ರೆ ಅದರ ತುಂಬಾ ವಿಟಮಿನ್ ಸಿ. ಕಿಲೋಗಟ್ಟಲೆ ತೆಗೆದರು. 1937ರಲ್ಲಿ ನೊಬೆಲ್ ಬಹುಮಾನ ಬಂತು.

ಇಂಗ್ಲಿಷಿನಲ್ಲಿ ಪ್ರಯೋಗಪಶುವಿಗೆ ಗಿನಿಪಿಗ್ ಅಂತಲೇ ಹೆಸರು ನಿಂತಿದೆ. ನಾವೂ "ನಮ್ಮನ್ನ ಗಿನಿಪಿಗ್ ಮಾಡ್ಬೇಡಿ" ಅಂತೀವಿ. 1882ರಲ್ಲಿ ಕ್ಷಯದ ಕ್ರಿಮಿ ಹಿಡಿದ ರಾಬರ್ಟ್ ಕಾಖ್ ಹತ್ತಿರವೂ ಇದ್ದದ್ದು ಇವೇ. ಆದ್ರೆ ನನಗೆ ಕೂತು ಯೋಚಿಸುವ ಹಾಗೆ ಮಾಡಿದ್ದು ಸ್ಕರ್ವಿಯ ಕಥೆ. ಒಣ ಆಹಾರ ಸಾಲದು ಅಂತ ಸತ್ತು ಸತ್ತು ತೋರಿಸಿದ ಪ್ರಾಣಿಗೆ ನಾವು ಪ್ರೀತಿಯಿಂದ ತಿಂಗಳಿಗೊಂದು ಪೆಟ್ಟಿಗೆ ಒಣ ಆಹಾರ ತರಿಸ್ತಿದ್ದೆವು.

ರೆಡಿಂಗ್‌ಗೆ ವಾಪಸ್ ಬರ್ತೀನಿ. ವೈದ್ಯರು ಕಡಲೆಗೆ ವಿಟಮಿನ್ ಸಿ ಸೂಜಿ ಹಾಕಿದ್ರು. ಮನೆಗೆ ದ್ರಾವಣ ಕೊಟ್ಟರು, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನಕ್ಕೆ ಹಾಕಬೇಕು. ಕುಡಿಯೋ ನೀರಿಗೆ ಬೆರೆಸಬೇಡಿ, ಬೇಗ ನಾಶ ಆಗತ್ತೆ, ರುಚಿ ಕೆಟ್ಟು ಪ್ರಾಣಿ ನೀರನ್ನೇ ಬಿಡಬಹುದು ಅಂದ್ರು. ಗುಳಿಗೆ ಆಹಾರದಲ್ಲಿ ವಿಟಮಿನ್ ಸೇರಿಸಿರ್ತಾರೆ, ಆದ್ರೆ ಚೀಲ ಬಿಚ್ಚಿ ಗಾಳಿ-ಬೆಳಕು ತಾಗಿ ಎರಡು-ಮೂರು ತಿಂಗಳಾದ್ರೆ ಅದರಲ್ಲಿ ಬಹಳಷ್ಟು ಹೋಗಿರತ್ತೆ. ಚಿಕ್ಕ ಚೀಲ ತಗೊಳ್ಳಿ. ಆರೋಗ್ಯವಾಗಿರೋ ಗಿನಿಪಿಗ್‌ಗೆ ದಿನಕ್ಕೆ ಮೈತೂಕದ ಕಿಲೋಗೆ 10ರಿಂದ 30 ಮಿಲಿಗ್ರಾಂ ಬೇಕು. ದೊಣ್ಣೆಮೆಣಸಿನಕಾಯಿಯ ಒಂದು ಸೀಳು ದಿನಾ ಕೊಡಿ. ಒಣಹುಲ್ಲು ಮಾತ್ರ ಯಾವಾಗಲೂ ಮುಂದಿರಲಿ, ಹೊಟ್ಟೆಗೂ ಹಲ್ಲಿಗೂ ಅದೇ ಆಧಾರ. ಮೊಸರಿನ ಗುಳಿಗೆ ಬೇಡವೇ ಬೇಡ, ಹಾಲು ಜೀರ್ಣ ಮಾಡ್ಕೊಳ್ಳೋ ಹೊಟ್ಟೆ ಅಲ್ಲ ಅದರದ್ದು.

ಪುಟ್ಟಿ ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದಳು, "ಮಾಮ, ನಾನೇ ಅದಕ್ಕೆ ಹುಷಾರು ತಪ್ಪಿಸಿದ್ದಾ?"

ಏನು ಹೇಳಲಿ? ಇಲ್ಲ ಅಂದ್ರೆ ಸುಳ್ಳು. ಹೌದು ಅಂದ್ರೆ ಅನ್ಯಾಯ. "ನಮಗ್ಯಾರಿಗೂ ಗೊತ್ತಿರಲಿಲ್ಲ ಕಣೋ ಪುಟ್ಟಿ, ಅಜ್ಜಿ ಒಬ್ಬರನ್ನ ಬಿಟ್ಟು" ಅಂದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ನನಗೇನು ಗೊತ್ತಿತ್ತು, ಸುಮ್ನೆ ಕೇಳಿದ್ದಪ್ಪಾ" ಅಂದ್ರು.

ಪೆಟ್ಟಿಗೆಯವರ ಮೇಲೆ ಪೂರ್ತಿ ತಪ್ಪು ಹೊರಿಸೋಕೆ ನನಗೆ ಮನಸ್ಸಿಲ್ಲ. ಇದು ತಿಂಡಿ, ಊಟ ಅಲ್ಲ, ತಾಜಾ ತರಕಾರಿ ಕೊಡಿ ಅಂತ ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಆಮೇಲೆ ಹುಡುಕಿ ನೋಡಿದೆ. ಹೆಸರು ಬರೆದಿದ್ದ ಅಕ್ಷರದಷ್ಟು ದೊಡ್ಡದಾಗಿ ಇರಲಿಲ್ಲ, ಅಷ್ಟೇ. ಪುಟ್ಟಿ ಚಂದಾ ನಿಲ್ಲಿಸಲಿಲ್ಲ. ಚೆಂಡು, ಕಡ್ಡಿ, ಸುರಂಗ ಅವಕ್ಕೆ ಬೇಕು, ಬೇಜಾರಾದ್ರೆ ಗಿನಿಪಿಗ್ ಮಂಕಾಗತ್ತೆ. ಸ್ವಿಟ್ಜರ್ಲೆಂಡಿನಲ್ಲಿ ಒಂಟಿಯಾಗಿ ಸಾಕೋ ಹಾಗೇ ಇಲ್ಲ, ಜೊತೆ ಇರಲೇಬೇಕು ಅಂತ 2008ರಿಂದ ಕಾನೂನು. ಈಗ ಪೆಟ್ಟಿಗೆ ಬಂದ ದಿನ ಅವಳು ಎಲ್ಲಾ ಹರಡಿಕೊಂಡು ಕೂತು ವಿಂಗಡಿಸ್ತಾಳೆ. ಮೊಸರಿನ ಗುಳಿಗೆ ಕಸಕ್ಕೆ. ಬಿಸ್ಕತ್ತು ವಾರಕ್ಕೊಂದು. ಆಹಾರದ ಚೀಲದ ಮೇಲೆ ಬಿಚ್ಚಿದ ತಾರೀಖು.

ಕಡಲೆ ಎರಡನೇ ವಾರದ ಹೊತ್ತಿಗೆ ಎದ್ದು ಓಡಾಡಿತು. ಹಿಂದಿನ ಬಲಗಾಲು ಮಾತ್ರ ಇನ್ನೂ ಸ್ವಲ್ಪ ಎಳೀತಿದೆ, ಅದು ಹಾಗೇ ಉಳಿಯಬಹುದು ಅಂದಿದ್ದಾರೆ. ನಾವು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಮ್ಮ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡ್ತಾರೆ. ಅಳಿಯನ ಆರೋಗ್ಯ, ಅಕ್ಕನ ಕೆಲಸ, ಪುಟ್ಟಿ ಸ್ಕೂಲು ಎಲ್ಲಾ ಆಮೇಲೆ.

"ಮೆಣಸಿನಕಾಯಿ ಹಾಕಿದ್ಯಾ ಮಗಾ? ಬೀಜ ತೆಗೆದು ಹಾಕು."

"ಹಾಕಿದೀನಿ ಅಜ್ಜಿ, ನೋಡಿ." ಫೋನು ಬಗ್ಗಿಸಿ ತೋರಿಸ್ತಾಳೆ. ಎರಡೂ ಕೆಂಪು ಸೀಳಿನ ಎರಡು ತುದಿ ಹಿಡಿದು ಎಳೆದಾಡ್ತಿರ್ತವೆ.